ಎರವಲು ಕಾರ್ಡ್ ಮಿಷನ್

ನಮ್ಮ ಯಜಮಾನರ ಕಾರ್ಖಾನೆಗೆ ಬೀಗ ಬಿದ್ದದ್ದು ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದಾಗ. ಮೊದಲು ಲೇಆಫ್ ಅಂದರು, ಆಮೇಲೆ ಲಾಕೌಟ್ ಅಂದರು, ಕೊನೆಗೆ ಏನಾದರೂ ಅನ್ನುವುದನ್ನೇ ಬಿಟ್ಟುಬಿಟ್ಟರು. ಕೆಲವು ತಿಂಗಳು ಅವರು ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಂಡು, ಇಸ್ತ್ರಿ ಷರಟು ತೊಟ್ಟು, ಕಾರ್ಖಾನೆಯ ಗೇಟಿನವರೆಗೆ ಹೋಗಿ ಅಲ್ಲಿ ಕೂತಿದ್ದವರ ಜೊತೆ ತಾವೂ ಕೂತು ಬರುತ್ತಿದ್ದರು. ಆಮೇಲೆ ಅದೂ ನಿಂತಿತು. ಜಯಲಕ್ಷ್ಮಿಪುರಂನ ಬಾಡಿಗೆ ಮನೆಯ ಹಜಾರದಲ್ಲಿ ಪೇಪರು ಹಿಡಿದು ಕೂತ ಅವರನ್ನು ದಾಟಿಕೊಂಡು ಅಡುಗೆಮನೆಗೆ ಹೋಗುವಾಗೆಲ್ಲ ಏನಾದರೂ ಕೇಳಬೇಕು ಅನ್ನಿಸುತ್ತಿತ್ತು. ಕೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ನನಗೆ ಹೊಲಿಗೆ ಬರುತ್ತಿತ್ತು. ಹುಡುಗಿಯಾಗಿದ್ದಾಗ ಭರತನಾಟ್ಯವನ್ನೂ ಕಲಿತಿದ್ದೆ. ಆ ಉಡುಪಿನಲ್ಲಿ ಕಾಲು ಅಗಲಿಸಿ ಕೂತಾಗ ಬೀಸಣಿಗೆಯ ಹಾಗೆ ಬಿಚ್ಚಿಕೊಳ್ಳುವ ನೆರಿಗೆ ಇದೆಯಲ್ಲ, ಅದು ಎಲ್ಲಿ ಬಿಗಿಯುತ್ತದೆ, ಎಲ್ಲಿ ಜಾರುತ್ತದೆ ಅನ್ನುವುದು ಮೈಗೆ ಗೊತ್ತಿತ್ತು. ಮೊದಲು ಬೀದಿಯ ಮಕ್ಕಳಿಗೆ ಹೊಲಿದೆ. ಆಮೇಲೆ ಒಂದೆರಡು ನೃತ್ಯಶಾಲೆಯವರು ಕೇಳಿದರು. ಒಬ್ಬಳ ಕೈಲಿ ಆಗುವುದಿಲ್ಲವೆಂದು ಉದಯಗಿರಿಯ ಒಬ್ಬ ಟೈಲರ್ ಮಾಸ್ಟರನ್ನು ಹಿಡಿದೆ. ನಾನು ಕತ್ತರಿಸಿ ಕೊಡುವುದು, ಅವರು ಮನೆಯಲ್ಲಿ ಹೊಲಿದು ಸೈಕಲ್ಲಿನ ಮೇಲೆ ತಂದುಕೊಡುವುದು. ಹೀಗೆ ಸಂಸಾರದ ಚಕ್ರ ಹೇಗೋ ಉರುಳತೊಡಗಿತು.

ಇಂಗ್ಲೆಂಡಿನಲ್ಲಿ ನೃತ್ಯಶಾಲೆ ನಡೆಸುತ್ತಿದ್ದ ಟೀಚರೊಬ್ಬರು ಆ ಹೊತ್ತಿಗೆ ಮೈಸೂರಿಗೆ ಬಂದಿದ್ದರು. ಯಾರದೋ ಮನೆಯಲ್ಲಿ ನನ್ನ ಹೊಲಿಗೆ ನೋಡಿ ಹುಡುಕಿಕೊಂಡು ಬಂದರು. ತಮಗೆರಡು ಉಡುಪು ಹೊಲಿಸಿಕೊಂಡು ಹೋದರು. ಊರು ಸೇರಿದ ಮೇಲೆ ತಮ್ಮ ಶಿಷ್ಯೆಯರಿಗೂ ಬೇಕು ಎಂದು ಫೋನ್ ಮಾಡಿದರು. ಅಳತೆಗಳನ್ನು ಫ್ಯಾಕ್ಸ್ ಮಾಡಿದರು. ನಾವು ಹೊಲಿದು ಪಾರ್ಸೆಲ್ ಕಳಿಸಿದೆವು. ಅಲ್ಲಿಯವರೆಗೂ ಎಲ್ಲ ಸಲೀಸು. ಕಷ್ಟವಾದದ್ದು ಅವರು ಕಳಿಸಿದ ಚೆಕ್ಕು. ನಮ್ಮ ಬ್ಯಾಂಕಿನವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕಲೆಕ್ಷನ್ನಿಗೆ ಹಾಕಬೇಕು, ಅಲ್ಲಿಯ ಬ್ಯಾಂಕಿಗೇ ಕಳಿಸಿ ಹಣ ತರಿಸಬೇಕು ಅಂದರು. ಅದು ಯಾವ ಯಾವ ಊರು ಸುತ್ತಿತೋ, ದುಡ್ಡು ಕೈಗೆ ಬರುವಷ್ಟರಲ್ಲಿ ನಾನು ಬಳೆ ಅಡವಿಟ್ಟು ಇನ್ನೊಂದು ಆರ್ಡರಿಗೆ ರೇಷ್ಮೆ ತಂದಿದ್ದೆ.

"ನೀವು ಕಾರ್ಡ್ ಯಾಕೆ ತಗೊಳ್ಳಲ್ಲ? ಇಲ್ಲೆಲ್ಲ ಫೋನಲ್ಲೇ ನಂಬರ್ ಹೇಳಿಬಿಡ್ತೀವಿ, ಅವರು ಹಾಕ್ಕೋತಾರೆ. ಮಕ್ಕಳ ತಾಯಂದಿರಿಗೂ ಅದೇ ಸುಲಭ," ಅಂದರು ಟೀಚರ್.

ನಾನು ಬ್ಯಾಂಕಿಗೆ ಹೋದೆ. ಅಧಿಕಾರಿ ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು.

"ಅಂಗಡಿ ಎಲ್ಲಿದೆ ಮೇಡಂ?"

"ಅಂಗಡಿ ಇಲ್ಲ ಸಾರ್, ಮನೇಲೇ ಹೊಲಿಸ್ತೀವಿ."

"ಗಿರಾಕಿಗಳು ಮನೆಗೇ ಬರ್ತಾರಾ?"

"ಇಲ್ಲ, ಹೊರದೇಶದಲ್ಲಿರೋರು. ಫೋನಲ್ಲೇ ಆರ್ಡರ್ ಕೊಡ್ತಾರೆ, ಕಾರ್ಡಿನ ನಂಬರೂ ಅಲ್ಲಿಂದ್ಲೇ ಹೇಳ್ತಾರಂತೆ."

ಅವರು ಪೆನ್ನಿನ ಮುಚ್ಚಳ ಹಾಕಿದರು. "ಅಂಗಡೀನೂ ಇಲ್ಲ, ಗಿರಾಕೀನೂ ಎದುರಿಗಿಲ್ಲ, ಕಾರ್ಡೂ ಕಾಣಲ್ಲ. ನಾನು ಏನಂತ ಬರೆದು ಮೇಲಕ್ಕೆ ಕಳಿಸ್ಲಿ ನೀವೇ ಹೇಳಿ."

ಇನ್ನೂ ಎರಡು ಬ್ಯಾಂಕಿಗೆ ಹೋದೆ. ಒಂದರಲ್ಲಿ ಅಂಗಡಿಯ ಬೋರ್ಡಿನ ಫೋಟೋ ಕೇಳಿದರು, ಇನ್ನೊಂದರಲ್ಲಿ ನಗೆ ತಡೆದುಕೊಂಡು ಬೇರೆ ಮೇಜು ತೋರಿಸಿದರು.

ಇದನ್ನೆಲ್ಲ ನಾನು ಹೇಳಿಕೊಂಡದ್ದು ನನ್ನ ಗೆಳತಿಯ ಹತ್ತಿರ. ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಅವಳ ಗಂಡ ದೊಡ್ಡ ಗಡಿಯಾರದ ಹತ್ತಿರ ಕರಕುಶಲ ವಸ್ತುಗಳ ಅಂಗಡಿ ಇಟ್ಟಿದ್ದರು. ಅವರ ಮನೆತನದವರು ಹಿಂದೆ ಮಂಡಿ ವ್ಯಾಪಾರ ಮಾಡುತ್ತಿದ್ದವರು, ಮಠಕ್ಕೆ ವರ್ಷವರ್ಷ ಅಕ್ಕಿ ಕೊಡುತ್ತಿದ್ದವರು. ಮಂಡಿ ದಾಯಾದಿಗಳಲ್ಲಿ ಪಾಲಾಗಿ ಹೋದ ಮೇಲೆ ಅವರು ಬೀಟೆ ಮರದ ಕುಸುರಿ ಮೇಜು, ಗಂಧದ ಆನೆ, ಊದುಬತ್ತಿ ಇವನ್ನು ಪ್ರವಾಸಿಗಳಿಗೆ ಮಾರುತ್ತಿದ್ದರು. ಪರದೇಶದವರು ಬರುತ್ತಿದ್ದುದರಿಂದ ಅವರ ಹತ್ತಿರ ಕಾರ್ಡ್ ಮಿಷನ್ ಇತ್ತು. ಊರಿಗೆ ಮರಳಿದವರು ಯಾರಾದರೂ ನೆನಪಿಸಿಕೊಂಡು ಮೇಜು ಬೇಕೆಂದು ಫೋನ್ ಮಾಡಿದರೆ, ಕಾರ್ಡು ಎದುರಿಗಿಲ್ಲದಿದ್ದರೂ ಅದರ ನಂಬರನ್ನು ಕೈಯಿಂದ ಒತ್ತಿ ಹಣ ಪಡೆಯುವುದಕ್ಕೆ ಬ್ಯಾಂಕಿನ ಅನುಮತಿಯೂ ಇತ್ತು.

ನಾವಿಬ್ಬರೂ ಮಾತಾಡುತ್ತಿದ್ದುದನ್ನು ಕೇಳಿಸಿಕೊಂಡ ಅವರು ಒಳಗಿನಿಂದಲೇ ಅಂದರು: "ನಮ್ಮ ಅಂಗಡೀಲಿ ಮಿಷನ್ ಅರ್ಧ ದಿನ ಸುಮ್ನೆ ಕೂತಿರತ್ತೆ ಕಣಮ್ಮ. ನಂಬರ್ ಬರ್ಕೊಂಡು ಬಂದ್ಬುಡು, ಒತ್ಕೊಡ್ತೀನಿ. ಒತ್ತಿದ್ರೆ ಸವೆದೋಗತ್ತಾ?"

"ಬ್ಯಾಂಕಿನವರು ಏನಾದ್ರೂ ಅಂದ್ರೆ?" ಅಂದೆ.

"ಕದ್ದ ಮಾಲು ಮಾರ್ತಿದೀವಾ? ಅವರಿಗೆ ಸೇರ್ಬೇಕಾದ ಕಮಿಷನ್ ಅವರಿಗೆ ಸೇರತ್ತೆ. ನಿನ್ನ ಬಟ್ಟೆ ಆದ್ರೇನು, ನನ್ನ ಆನೆ ಆದ್ರೇನು."

ಬ್ಯಾಂಕು ಮುರಿದುಕೊಳ್ಳುವುದನ್ನು ಬಿಟ್ಟು ತಮಗೆಂದು ಅವರು ಒಂದು ರೂಪಾಯಿಯನ್ನೂ ಇಟ್ಟುಕೊಳ್ಳಲಿಲ್ಲ. ನಾನು ಒತ್ತಾಯ ಮಾಡಿದಾಗ ಗೆಳತಿಯೇ ಗದರಿಸಿದಳು. "ಸುಮ್ನಿರೇ, ನಿನ್ನ ಹತ್ರ ಬಾಡಿಗೆ ತಗೊಂಡು ನಾವು ಮಹಡಿ ಕಟ್ಬೇಕಾ?"

ಆ ನಂತರದ ಒಂದಷ್ಟು ವರ್ಷ ಚೆನ್ನಾಗಿದ್ದೆವು. ಹಾಗೆ ಹೇಳಿಕೊಳ್ಳುವುದಕ್ಕೆ ಈಗಲೂ ಸಂಕೋಚವಾಗುತ್ತದೆ, ಆದರೆ ನಿಜ. ಮಧ್ಯಾಹ್ನದ ಊಟ ಮುಗಿಯುವ ಹೊತ್ತಿಗೆ ಫೋನು ಬರುತ್ತಿತ್ತು, ಅವರಿಗೆ ಅಲ್ಲಿ ಆಗ ಬೆಳಗು. ಯಾರೋ ತಾಯಿ, ಮುಖ ನೋಡಿಲ್ಲ, ಮುಂದೆ ನೋಡುವುದೂ ಇಲ್ಲ, ತನ್ನ ಕಾರ್ಡಿನ ಅಂಕಿಗಳನ್ನು ನಾಲ್ಕು ನಾಲ್ಕಾಗಿ ಓದುತ್ತಿದ್ದಳು. ನಾನು ತಿರುಗಿ ಓದಿ ಹೇಳುತ್ತಿದ್ದೆ. ಅವಳ ಹಿಂದೆ ನಲ್ಲಿಯ ಸದ್ದು, ಮಗು ಶಾಲೆಗೆ ಹೊರಡುವ ಗಲಾಟೆ ಕೇಳಿಸುತ್ತಿತ್ತು. ಇಷ್ಟು ದೂರದವರು ನನ್ನನ್ನು ಇಷ್ಟು ನಂಬುತ್ತಾರಲ್ಲ ಅನ್ನಿಸಿ, ಆ ಚೀಟಿಯನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಸಿಟಿ ಬಸ್ಸು ಹತ್ತುತ್ತಿದ್ದೆ. ಅಂಗಡಿಯಲ್ಲಿ ಗೆಳತಿಯ ಗಂಡ ನಂಬರು ಒತ್ತಿದರೆ ಮಿಷನ್ನು ಕೊಂಚ ಯೋಚನೆ ಮಾಡಿ, ಚಿರ್‍ರೆಂದು ಕಾಗದ ಉಗುಳುತ್ತಿತ್ತು. ಗಿರಾಕಿ ಸಹಿ ಹಾಕಬೇಕಾದ ಜಾಗದಲ್ಲಿ ಅವರು "ಫೋನ್ ಆರ್ಡರ್" ಎಂದು ಗುಂಡಗೆ ಬರೆಯುತ್ತಿದ್ದರು. ನಂಬರಿನ ಚೀಟಿಯನ್ನು ನಾನು ಮನೆಗೆ ತಂದು ನೀರೊಲೆಗೆ ಹಾಕುತ್ತಿದ್ದೆ.

ಯಜಮಾನರು ಪಾರ್ಸೆಲಿನ ಕೆಲಸ ವಹಿಸಿಕೊಂಡರು. ಜರಿಯ ಅಂಚು ಮಡಿಕೆಯಲ್ಲಿ ಮುರಿಯಬಾರದೆಂದು ನಡುವೆ ತೆಳು ಕಾಗದ ಸುತ್ತಿ, ಪೆಟ್ಟಿಗೆಗೆ ಬಟ್ಟೆ ಹೊದಿಸಿ, ಅಂಚು ಹೊಲಿದು ಅರಗಿನ ಮುದ್ರೆ ಒತ್ತುತ್ತಿದ್ದರು. ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವುದು ಮತ್ತೆ ಶುರುವಾಯಿತು. ಮಾಸ್ಟರು ಪಕ್ಕದ ಮನೆಯ ಇಬ್ಬರನ್ನು ಕೆಲಸಕ್ಕೆ ಸೇರಿಸಿಕೊಂಡರು.

ಆಮೇಲೆ ಒಂದು ವರ್ಷ ಟೀಚರ ನೃತ್ಯಶಾಲೆಯ ವಾರ್ಷಿಕೋತ್ಸವಕ್ಕೆ ದೊಡ್ಡ ಆರ್ಡರು ಬಂತು. ಇಡೀ ತಂಡಕ್ಕೆ ಉಡುಪು. ಪ್ರತಿ ಮಗುವಿನ ಮನೆಯಿಂದಲೂ ಬೇರೆ ಬೇರೆ ಕಾರ್ಡು. ನಾವು ಹಗಲೆಲ್ಲ ದುಡಿದು, ಹೇಳಿದ ದಿನಕ್ಕೆ ಮುಂಚೆಯೇ ಕಳಿಸಿದೆವು. ಎಲ್ಲವೂ ಸರಿಯಾಗಿ ತಲುಪಿದವು, ಎಲ್ಲರಿಗೂ ಸರಿಯಾಗಿ ಕೂತವು. ಟೀಚರು ಫೋಟೋ ಕಳಿಸಿದರು. ಮಕ್ಕಳು ಸಾಲಾಗಿ ಅರ್ಧ ಕೂತು ನಿಂತಿದ್ದರು, ಎಲ್ಲರ ನೆರಿಗೆಗಳೂ ಒಂದೇ ಅಳತೆಗೆ ಬಿಚ್ಚಿಕೊಂಡಿದ್ದವು. ಮಾಸ್ಟರು ಆ ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು. ಯಾರ ಕೆಲಸದಲ್ಲೂ ಒಂದು ಎಳೆ ತಪ್ಪಿರಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಆಮೇಲೆ ಆದದ್ದಕ್ಕೆ ಎಲ್ಲಾದರೂ ಒಂದು ತಪ್ಪು ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಕಾರ್ಡಿನವರು ಗಿರಾಕಿಗಳಿಗೆ ತಿಂಗಳಿಗೊಮ್ಮೆ ಬಿಲ್ಲು ಕಳಿಸುತ್ತಾರೆ. ಅದರಲ್ಲಿ ಹಣ ಪಡೆದ ಅಂಗಡಿಯ ಹೆಸರು ಇರುತ್ತದೆ. ಮಿಷನ್ನು ಇದ್ದದ್ದು ಕರಕುಶಲ ಅಂಗಡಿಯ ಹೆಸರಿನಲ್ಲಿ. ಬಿಲ್ಲಿನಲ್ಲಿ ಬೇರೆ ಹೆಸರು ಬರುತ್ತದೆಂದು ಟೀಚರು ತಾಯಂದಿರಿಗೆ ಹೇಳಿದ್ದರು. ಬಿಲ್ಲು ನೋಡುತ್ತಿದ್ದವರು ತಂದೆಯಂದಿರು. ಇಂಡಿಯಾದ ಯಾವುದೋ ಊರಿನ ಮರದ ಸಾಮಾನಿನ ಅಂಗಡಿಯಲ್ಲಿ ನಾವು ಯಾವತ್ತೂ ಏನೂ ಕೊಂಡಿಲ್ಲ ಎಂದು ಒಬ್ಬರು ತಮ್ಮ ಬ್ಯಾಂಕಿಗೆ ಬರೆದರು. ಅವರನ್ನು ನೋಡಿ ಇನ್ನಿಬ್ಬರು ಬರೆದರು. ಅವರಾದರೂ ಸುಳ್ಳು ಹೇಳಲಿಲ್ಲ. ಕೊಂಡಿರಲಿಲ್ಲ.

ಅಲ್ಲಿಯ ಬ್ಯಾಂಕು ಇಲ್ಲಿಯ ಬ್ಯಾಂಕನ್ನು ಕೇಳಿತು, ಇಲ್ಲಿಯ ಬ್ಯಾಂಕು ಅಂಗಡಿಯನ್ನು ಕೇಳಿತು: ಈ ಮಾರಾಟ ಆಗಿರುವುದಕ್ಕೆ ಪುರಾವೆ ಏನು? ಗೆಳತಿಯ ಗಂಡ ಆ ಕಾಗದ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಯಜಮಾನರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

"ಇದರಲ್ಲಿ ಹೆದರೋದೇನಿದೆ? ಇದ್ದದ್ದನ್ನ ಇದ್ದ ಹಾಗೆ ಬರೆದುಬಿಡೋಣ," ಅಂದರು.

"ಅದೇ ಕಣ್ರೀ ನಾನೂ ಅಂದ್ಕೊಂಡಿದ್ದು," ಅಂದರು ಅವರು. "ಮುಚ್ಚುಮರೆ ಮಾಡಿದ್ರೆ ತಾನೇ ತೊಂದ್ರೆ."

ಇಬ್ಬರೂ ಹಜಾರದಲ್ಲಿ ಕೂತು ಇಂಗ್ಲಿಷಿನಲ್ಲಿ ಕಾಗದ ಬರೆದರು. ಇದು ನಮ್ಮ ಅಂಗಡಿಯ ಮಾಲಲ್ಲ, ನಮ್ಮ ಮನೆಯವರಂತೆ ಇರುವ ಒಬ್ಬ ಹೆಂಗಸಿನ ಹೊಲಿಗೆ ವ್ಯಾಪಾರ, ಅವರಿಗೆ ಮಿಷನ್ ಇಲ್ಲದ್ದರಿಂದ ನಾವು ಸಹಾಯ ಮಾಡುತ್ತಿದ್ದೇವೆ, ಬಟ್ಟೆ ತಲುಪಿದ್ದಕ್ಕೆ ಅಂಚೆಯ ರಸೀದಿ ಹಾಗೂ ಫೋಟೋ ಇಟ್ಟಿದ್ದೇವೆ. ನಾನು ಕಾಫಿ ತಂದುಕೊಟ್ಟು, ಅವರು ಓದಿ ಹೇಳಿದ್ದನ್ನು ಕೇಳಿದೆ. ಎಷ್ಟು ಚೆನ್ನಾಗಿ ಬರೆದಿದ್ದಾರೆ ಅನ್ನಿಸಿತು.

ಆ ಕಾಗದ ಹೋದ ಕೆಲವು ವಾರಕ್ಕೆ ಬ್ಯಾಂಕಿನಿಂದ ಇಬ್ಬರು ಅಂಗಡಿಗೆ ಬಂದರು. ನಾನೂ ಅಲ್ಲಿದ್ದೆ, ಗೆಳತಿಯ ಗಂಡನೇ ಹೇಳಿಕಳಿಸಿದ್ದರು. ಬಂದವರಲ್ಲಿ ಹಿರಿಯರು ಫೈಲು ತೆಗೆದರು.

"ಅಂದ್ರೆ ಈ ವ್ಯಾಪಾರ ನಿಮ್ಮದಲ್ಲ?"

"ಅಲ್ಲ ಸ್ವಾಮಿ. ಅದನ್ನೇ ಬರ್ದಿದೀವಲ್ಲ. ಇವರದು."

"ಎಷ್ಟು ದಿವಸದಿಂದ ಹೀಗೆ ನಡೀತಾ ಇದೆ?"

"ಕೆಲವು ವರ್ಷ ಆಯ್ತು. ಒಂದು ತಕರಾರಿಲ್ಲ ನೋಡಿ."

ಹಿರಿಯರು ಫೈಲು ಮುಚ್ಚಿದರು. ಆಮೇಲೆ ಮೆಲ್ಲಗೆ ಅಂದರು. "ಒಬ್ಬರ ಮಿಷನ್ನಲ್ಲಿ ಇನ್ನೊಬ್ಬರ ವ್ಯಾಪಾರದ ಕಾರ್ಡ್ ಒತ್ತೋ ಹಾಗಿಲ್ಲ ಯಜಮಾನ್ರೇ. ಕರಾರಿನಲ್ಲಿದೆ, ನೀವು ಸಹಿ ಮಾಡಿದೀರ. ಈ ಬಟ್ಟೆ ತಲುಪಿತೋ ಇಲ್ವೋ ಅನ್ನೋದು ಈಗ ಪ್ರಶ್ನೆನೇ ಅಲ್ಲ. ನೀವು ಏನೂ ಬರೀದೆ ಆ ಹಣ ಬಿಟ್ಟುಕೊಟ್ಟಿದ್ರೆ ಅಲ್ಲಿಗೇ ಮುಗಿದೋಗ್ತಿತ್ತು. ಬರವಣಿಗೇಲಿ ಒಪ್ಕೊಂಡ್ಬಿಟ್ಟಿದೀರ. ನನ್ನ ಕೈಲಿ ಏನೂ ಇಲ್ಲ."

ಗೆಳತಿಯ ಗಂಡ ವಾದ ಮಾಡಲಿಲ್ಲ. ಬಂದವರಿಗೆ ಕಾಫಿ ತರಿಸಿದರು. ಅವರು ಕುಡಿದರು. ಕುಡಿದಾದ ಮೇಲೆ ಕಿರಿಯವರು ಮಿಷನ್ನಿನ ವೈರು ಬಿಚ್ಚಿ, ಅದನ್ನು ಚೀಲದೊಳಗಿಟ್ಟುಕೊಂಡರು. ನಾನು ಕಪ್ಪುಗಳನ್ನು ತೊಳೆದಿಟ್ಟೆ. ಮಾಡುವುದಕ್ಕೆ ಬೇರೇನೂ ತೋಚಲಿಲ್ಲ.

ಹಣದ ವಿಷಯ ಬೇಗ ಮುಗಿಯಿತು. ಟೀಚರು ಫೋನಿನಲ್ಲಿ ಅತ್ತರು, ಬಿಲ್ಲಿಗೆ ಆಕ್ಷೇಪ ಎತ್ತಿದ್ದವರೆಲ್ಲ ನಾಚಿಕೊಂಡು ಚೆಕ್ಕು ಕಳಿಸಿದರು, ಅಂಗಡಿಯ ಖಾತೆಯಿಂದ ಬ್ಯಾಂಕು ಹಿಂದಕ್ಕೆ ತೆಗೆದುಕೊಂಡದ್ದನ್ನು ನಾನು ಪೂರ್ತಿ ಕಟ್ಟಿಕೊಟ್ಟೆ. ಮಿಷನ್ನು ಮಾತ್ರ ಬರಲಿಲ್ಲ. ಟೀಚರು ತಮ್ಮ ಕಡೆಯಿಂದ ಬ್ಯಾಂಕಿಗೆ ಉದ್ದನೆಯ ಕಾಗದ ಬರೆದರು. ಉತ್ತರ ಬರಲಿಲ್ಲ. ಬೇರೆ ಬ್ಯಾಂಕುಗಳಲ್ಲಿ ಅರ್ಜಿ ಹಾಕಿದರೆ ಅವರಿಗೂ ವಿಷಯ ಹೇಗೋ ಗೊತ್ತಿರುತ್ತಿತ್ತು. ಅಂಗಡಿಯ ಹೆಸರು ಕೇಳುತ್ತಲೇ ಅರ್ಜಿ ಮೇಜಿನ ಆ ಕಡೆಯಿಂದ ಈ ಕಡೆಗೆ ಬರುತ್ತಿತ್ತು.

ಅದರ ಹಿಂದೆಯೇ ದಸರಾ ಬಂತು. ಆ ಅಂಗಡಿಗೆ ವರ್ಷದ ಅನ್ನ ಹುಟ್ಟುತ್ತಿದ್ದುದು ದಸರೆಯಲ್ಲೇ. ಅವರು ಮಾಲೆಲ್ಲ ಉದ್ದರಿಯಲ್ಲಿ ತುಂಬಿಸಿದ್ದರು. ಗಿರಾಕಿ ಹೆಚ್ಚಾದಾಗ ಕೈ ಜೋಡಿಸೋಣವೆಂದು ಪ್ರತಿ ವರ್ಷದಂತೆ ನಾನೂ ಹೋದೆ. ವಯಸ್ಸಾದ ಪರದೇಶದ ದಂಪತಿಗಳು ಬಂದರು. ಗೋಡೆಯ ಮೇಲಿದ್ದ ದೊಡ್ಡ ಕುಸುರಿ ಚಿತ್ರ ಅವರಿಗೆ ಹಿಡಿಸಿಬಿಟ್ಟಿತು. ನದಿ, ತೆಂಗಿನ ಮರ, ನೀರಿಗಿಳಿಯುವ ಆನೆಗಳು. ಅದನ್ನು ಇಳಿಸಿ, ಒರೆಸಿ, ಬೆಳಕಿಗೆ ಹಿಡಿದು ತೋರಿಸಿದ್ದಾಯಿತು. ಹೆಂಗಸು ಅದರ ಮೇಲೆ ಬೆರಳಾಡಿಸಿ ಬೇರೆ ಬೇರೆ ಮರದ ಬಣ್ಣ ಕೇಳಿ ತಿಳಿದುಕೊಂಡಳು. ಚೌಕಾಸಿಯೂ ಮಾಡಲಿಲ್ಲ. ಗಂಡ ಕಾರ್ಡು ತೆಗೆದು ಕೌಂಟರಿನ ಮೇಲಿಟ್ಟ.

ಗೆಳತಿಯ ಗಂಡ "ಒಂದು ನಿಮಿಷ" ಅಂದು ಅವರನ್ನು ಕೂರಿಸಿ, ಕಾರ್ಡು ತೆಗೆದುಕೊಂಡು ಎರಡು ಅಂಗಡಿ ಆಚೆಗೆ ಓಡಿದರು. ಅಲ್ಲಿಯವರು ಹಳೆಯ ಸ್ನೇಹಿತರು, ಅವರದೂ ಇದೇ ವ್ಯಾಪಾರ, ಅವರ ಹತ್ತಿರ ಮಿಷನ್ನಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ, ಮಾತು ಕೇಳಿಸಿತು.

"ಇದೊಂದೇ ಒಂದು ಒತ್ಕೊಡಿ."

"ನಿಮಗಾದದ್ದು ನಮಗೂ ಆಗ್ಬೇಕಾ ಹೇಳಿ. ಬೇಜಾರ್ ಮಾಡ್ಕೋಬೇಡಿ."

ಅವರು ಹಿಂದಕ್ಕೆ ಬಂದು ಕಾರ್ಡನ್ನು ಎರಡು ಕೈಯಲ್ಲಿ ಹಿಡಿದು ಆ ಗಂಡಸಿಗೆ ಕೊಟ್ಟರು. ದಂಪತಿಗಳು ನಾಳೆ ಹಣ ತರುತ್ತೇವೆ ಅಂದರು. ಬರಲಿಲ್ಲ. ಆ ವಾರದೊಳಗೆ ಗೈಡುಗಳಿಗೂ ಆಟೋದವರಿಗೂ ಸುದ್ದಿ ಮುಟ್ಟಿತು. ಕಾರ್ಡು ನಡೆಯದ ಅಂಗಡಿಗೆ ಯಾರು ತಾನೇ ಜನರನ್ನು ಕರೆತರುತ್ತಾರೆ?

ಆ ದಂಪತಿಗಳು ಬಂದುಹೋದ ದಿನ ಸಂಜೆ ನಾನು ಹೊರಟಾಗ ಗೆಳತಿ ಅಂಗಡಿಗೆ ಬಂದಿದ್ದಳು. ನಡೆದದ್ದು ಅವಳಿಗೆ ಗೊತ್ತಾಗಿತ್ತು. ಮೆಟ್ಟಿಲ ಹತ್ತಿರ ನಿಂತು, "ನೀವು ಹೊರಡಿ, ಬಸ್ಸು ಸಿಗಲ್ಲ ಆಮೇಲೆ," ಅಂದಳು. ಕಾಲೇಜಿನಿಂದ ಅಲ್ಲಿಯವರೆಗೆ ಅವಳು ನನ್ನನ್ನು ನೀನು ಬಿಟ್ಟು ಬೇರೆ ಅಂದವಳಲ್ಲ. ನನ್ನ ಹಿಂದೆ ಬೇರೆ ಯಾರಾದರೂ ಇದ್ದಾರೇನೋ ಎಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಬಯ್ದಿದ್ದರೆ ಜಗಳ ಆಡಬಹುದಿತ್ತು. ಮರ್ಯಾದೆ ಕೊಟ್ಟವಳ ಹತ್ತಿರ ಏನು ಜಗಳ ಆಡುವುದು?

ಅಂಗಡಿ ಮುಂದಿನ ದಸರೆಯವರೆಗೆ ಕುಂಟಿತು, ಆಮೇಲೆ ಮುಚ್ಚಿತು. ಅದಕ್ಕೆ ಮಿಷನ್ನೊಂದೇ ಕಾರಣವಲ್ಲ, ದೊಡ್ಡ ದೊಡ್ಡ ಷೋರೂಮುಗಳು ಬಂದಿದ್ದವು ಎಂದು ಯಜಮಾನರು ಹೇಳುತ್ತಿದ್ದರು. ನನಗೋಸ್ಕರ ಹೇಳುತ್ತಿದ್ದರು.

ನಾನು ಹೊಲಿಸುವುದನ್ನು ಬಿಟ್ಟೆ. ಮನೆಯಲ್ಲೇ ಕೂತು ಕಂಪ್ಯೂಟರಿನ ಮೂಲಕ ಕಾರ್ಡಿನ ಹಣ ಪಡೆಯುವ ಏರ್ಪಾಡು ಕೊಡುವ ಕಂಪನಿಗಳು ಆ ಹೊತ್ತಿಗಾಗಲೇ ಹುಟ್ಟಿಕೊಂಡಿದ್ದವು. ಅಂಗಡಿಯೂ ಬೇಡ, ಮಿಷನ್ನೂ ಬೇಡ. ಯಜಮಾನರು ಸೈಬರ್ ಕೆಫೆಗೆ ಹೋಗಿ ಎಲ್ಲ ವಿವರ ಬರೆದುಕೊಂಡು ಬಂದು ನನ್ನ ಮುಂದಿಟ್ಟರು. ನಾನು ಓದಿದೆ. ಅರ್ಥವೂ ಆಯಿತು. ನಮ್ಮಂಥವರಿಗೆಂದೇ ಮಾಡಿದ ಹಾಗಿತ್ತು. ಫೋನಿನಲ್ಲಿ ಇನ್ನೊಬ್ಬ ತಾಯಿ ನಾಲ್ಕು ನಾಲ್ಕಾಗಿ ಅಂಕಿ ಓದುವುದನ್ನು ನೆನೆಸಿಕೊಂಡು, ಆ ಹಾಳೆಯನ್ನು ಅವರ ಕಡೆಗೇ ಸರಿಸಿದೆ. ಬೇಡ ಅಂದೆ. ಅವರು ಎರಡನೆಯ ಸಲ ಕೇಳಲಿಲ್ಲ, ಪೇಪರು ತೆಗೆದುಕೊಂಡು ಹಜಾರಕ್ಕೆ ಹೋದರು. ಟೀಚರು ಸ್ವಲ್ಪ ಕಾಲ ಫೋನ್ ಮಾಡಿ, ಆಮೇಲೆ ಚೆನ್ನೈನಲ್ಲಿ ಯಾರನ್ನೋ ಹುಡುಕಿಕೊಂಡರು. ಮಾಸ್ಟರು ಶಾಲೆಯ ಯೂನಿಫಾರಂ ಹೊಲಿಯುವುದಕ್ಕೆ ಹೋದರು. ನಾನು ಹತ್ತಿರದ ಒಂದು ಶಿಶುವಿಹಾರದಲ್ಲಿ ಆಯಾಗಳ ಮೇಲ್ವಿಚಾರಣೆಗೆ ಸೇರಿದೆ.

ಗೆಳತಿಯ ಗಂಡ ಮಂಡಕಳ್ಳಿಯ ಹತ್ತಿರ ನಂಜನಗೂಡು ರಸ್ತೆಯಲ್ಲಿ, ಊಟಿ ಕಡೆಗೆ ಹೋಗುವ ಟೂರಿಸ್ಟ್ ಬಸ್ಸುಗಳು ನಿಲ್ಲುತ್ತಿದ್ದ ಒಂದು ದೊಡ್ಡ ಷೋರೂಮಿನಲ್ಲಿ ಸೇಲ್ಸ್‌ಮನ್ ಆಗಿ ಸೇರಿಕೊಂಡರು. ನಂಜನಗೂಡಿನಲ್ಲಿ ಒಂದು ಮದುವೆಗೆ ಹೋಗಿ ನಾವು ಮರಳುವಾಗ, ಜೊತೆಗೆ ಕಾರು ಮಾಡಿಕೊಂಡಿದ್ದವರು ಅಲ್ಲಿ ನಿಲ್ಲಿಸಿದರು. ಬಾಗಿಲಲ್ಲಿ ಜರಿ ಪೇಟ, ಉದ್ದ ಕೋಟು ತೊಟ್ಟು ಕೈ ಮುಗಿಯುತ್ತ ನಿಂತಿದ್ದವರು ಅವರೇ. ಬಂದವರಿಗೆ ಮೈಸೂರಿನ ಠೀವಿ ಕಾಣಲೆಂದು ಮಾಲೀಕರು ಕೊಟ್ಟ ವೇಷ. ನಮ್ಮನ್ನು ನೋಡಿ ಪೇಟ ತೆಗೆಯಲು ಹೋಗಿ, ಯಾಕೋ ಬಿಟ್ಟರು.

"ಚೆನ್ನಾಗಿದೀಯೇನಮ್ಮ? ಆಗ ಹೇಳ್ತಿದ್ಯಲ್ಲ, ಆ ಕಾಲು ನೋವು ವಾಸಿನಾ?" ಅಂದರು. ಆಮೇಲೆ ಒಳಗಿನ ಕೌಂಟರು ತೋರಿಸಿ, "ಇಲ್ಲಿ ಮೂರ್ಮೂರು ಮಿಷನ್ ಇದೆ ಕಣಮ್ಮ. ಒಂದು ಕೆಟ್ರೆ ಇನ್ನೊಂದು," ಅಂತ ನಕ್ಕರು. ವ್ಯಂಗ್ಯವಿರಲಿಲ್ಲ, ಸುಮ್ಮನೆ ಇದ್ದದ್ದನ್ನು ಹೇಳಿದರು. ಅಷ್ಟರಲ್ಲಿ ಬಸ್ಸೊಂದು ಬಂತು, ಅವರು ಕೈ ಮುಗಿಯಲು ಹೋದರು.

ಕೆಲವು ವರ್ಷಕ್ಕೆ ಅವರು ತೀರಿಕೊಂಡರು. ಎದೆನೋವು ಅಂದರು. ಸುದ್ದಿ ನಮಗೆ ತಡವಾಗಿ ಬೇರೆಯವರಿಂದ ಗೊತ್ತಾಯಿತು. ಶಿವಗಣಾರಾಧನೆಗೆ ಯಜಮಾನರೂ ನಾನೂ ಹೋದೆವು. ಸ್ವಾಮಿಗಳು ಬಂದು ಹೋಗಿದ್ದರು, ಪಂಕ್ತಿ ನಡೆಯುತ್ತಿತ್ತು. ಗೆಳತಿ ಒಳಕೋಣೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

ಅವಳೇ ಮೊದಲು ಮಾತಾಡಿದಳು. "ಅವರು ಸಾಯೋ ತನಕ ನಿಮ್ಮನ್ನ ಒಂದು ಮಾತು ಬಯ್ಲಿಲ್ಲ. ಬಯ್ದಿದ್ರೆ ನಾನು ನಿಮ್ಮ ಪರ ವಹಿಸಿ ಮಾತಾಡ್ತಿದ್ದೆ. ಅವರು ಬಯ್ದೇ ಇದ್ದಿದ್ದಕ್ಕೆ ಅದೆಲ್ಲ ನನ್ನೊಳಗೇ ಕೂತ್ಕೊಂಡ್ಬುಡ್ತು."

"ನನಗೆ ಏನು ಹೇಳ್ಬೇಕೋ ಗೊತ್ತಾಗ್ತಿಲ್ಲ ಕಣೇ," ಅಂದೆ.

"ನೀವೇನೂ ಹೇಳ್ಬೇಡಿ. ನಿಮ್ಮದೇನೂ ತಪ್ಪಿಲ್ಲ, ಅದು ನನಗೆ ಗೊತ್ತು. ಆದ್ರೆ ಇನ್ಮೇಲೆ ಬರ್ಬೇಡಿ. ನಿಮ್ಮನ್ನ ನೋಡಿದ್ರೆ ಅವರು ಕಾರ್ಡ್ ಹಿಡ್ಕೊಂಡು ಆಚೆ ಅಂಗಡಿಗೆ ಓಡೋಗಿ ಓಡ್ಬಂದಿದ್ದು ಕಣ್ಮುಂದೆ ಬರತ್ತೆ. ಊಟ ಮಾಡ್ಕೊಂಡು ಹೋಗಿ, ಪ್ರಸಾದ ಬಿಡ್ಬಾರ್ದು."

ನಾನು ಪಂಕ್ತಿಯಲ್ಲಿ ಕೂತು ಊಟ ಮಾಡಿದೆ. ಪಾಯಸ ಬಡಿಸಿದರು, ಅದನ್ನೂ ತಿಂದೆ. ಹೊರಗೆ ಬಂದು ಬಸ್ಸಿಗೆ ಕಾಯುವಾಗ, ಅವಳು ಏನಂದಳು ಎಂದು ಯಜಮಾನರು ಕೇಳಿದರು.

"ಊಟ ಮಾಡ್ಕೊಂಡು ಹೋಗಿ ಅಂದ್ಲು," ಅಂದೆ.

"ಪಾಪ," ಅಂದರು ಅವರು. ಬಸ್ಸು ಬಂತು. ಕೂರುವುದಕ್ಕೆ ಜಾಗವಿರಲಿಲ್ಲ, ನಿಂತೇ ಬಂದೆವು. ಆಮೇಲೆ ನಾನು ಆ ಕಡೆಗೆ ಹೋಗಿಲ್ಲ.